ಚನ್ನರಾಯಪಟ್ಟಣದ ಕೊನೆಯ ‘ಣ’

ನಮ್ಮ ಹಾಸನದ ಕಡೆ ಯಾರಾದರೂ ಸ್ವಂತ ಬ್ಲಾಗ್ ಶುರುಮಾಡುತ್ತೇನೆ ಎಂದರೆ ಸಿಗುವ ಸಲಹೆ ಇಷ್ಟು ವರ್ಷಗಳಾದರೂ ಬದಲಾಗಿಲ್ಲ: ಬ್ಲಾಗ್‌ಸ್ಪಾಟ್‌ನಲ್ಲಿ ಮಾಡಿ, ದುಡ್ಡು ಕೊಡಬೇಕಿಲ್ಲ, ಗೂಗಲ್‌ನವರದ್ದು, ಎಲ್ಲಿಗೂ ಹೋಗುವುದಿಲ್ಲ. ಮೊದಲ ಮಾತು ನಿಜ. ಎರಡನೆಯದು 2003ರಿಂದ ನಿಜ. ಮೂರನೆಯದನ್ನು ಮಾತ್ರ ಯಾರೂ ಕೆದಕಿ ನೋಡಿದ ಹಾಗಿಲ್ಲ. ಕನ್ನಡದಲ್ಲಿ ಬರೆಯುವವರ ಪಾಲಿಗೆ ಈ ತಾಣಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ತಕರಾರು.

ಬರಹ, ನುಡಿ ತಂತ್ರಾಂಶಗಳಿಂದ ಯೂನಿಕೋಡ್‌ಗೆ ಹೊರಳಿದ್ದು, 2005ರಲ್ಲಿ ಸಂಪದ ತಾಣ ಬಂದದ್ದು, ಆಮೇಲೆ ಫೇಸ್‌ಬುಕ್ ಬಂದು ಎಲ್ಲರನ್ನೂ ಎಳೆದುಕೊಂಡದ್ದು ಓದುಗರಿಗೆ ಗೊತ್ತಿರುವ ಕಥೆ. ನಾನು ನೋಡಬೇಕೆಂದಿರುವುದು ಬ್ರೌಸರ್‌ನ ನೆತ್ತಿಯ ಮೇಲಿರುವ ಒಂದೇ ಒಂದು ಸಾಲನ್ನು, ಬರಹದ ವಿಳಾಸವನ್ನು. ತಾಣದ ಬಣ್ಣ, ವಿನ್ಯಾಸ, ಓದುಗರ ಲೆಕ್ಕ ತೋರಿಸುವ ಪೆಟ್ಟಿಗೆ ಇವನ್ನೆಲ್ಲ ಹೋಲಿಸಿ ಬರೆದವರಿದ್ದಾರೆ. ಈ ಸಾಲನ್ನು ಓದಿದವರು ಕಡಿಮೆ.

ಅರಕಲಗೂಡಿನವರೊಬ್ಬರು ‘ರಾಮನಾಥಪುರದ ಮೀನುಗಳು’ ಎಂದು ಶೀರ್ಷಿಕೆ ಕೊಟ್ಟು ಕಾವೇರಿಯ ಆ ಮಡುವಿನ ಬಗ್ಗೆ ಬರೆದರು ಎಂದಿಟ್ಟುಕೊಳ್ಳಿ. ಬ್ಲಾಗ್‌ಸ್ಪಾಟ್ ಆ ಶೀರ್ಷಿಕೆಯಿಂದ ವಿಳಾಸ ಕಟ್ಟುವಾಗ ರೋಮನ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಇಲ್ಲಿ ಇಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ. ಹಾಗಾಗಿ ವರ್ಷ, ತಿಂಗಳ ಮುಂದೆ ‘ಬ್ಲಾಗ್-ಪೋಸ್ಟ್’ ಎಂದು ತಾನೇ ಒಂದು ಹೆಸರು ಅಂಟಿಸುತ್ತದೆ. ಅದೇ ತಿಂಗಳು ಅವರು ಹೇಮಾವತಿಯ ಹಿನ್ನೀರಲ್ಲಿ ನಿಂತ ಶೆಟ್ಟಿಹಳ್ಳಿ ಚರ್ಚಿನ ಬಗ್ಗೆ ಬರೆದರೆ ಅದೂ ‘ಬ್ಲಾಗ್-ಪೋಸ್ಟ್’, ಬಾಲಕ್ಕೊಂದು ಸಂಖ್ಯೆ ಸೇರಿಸಿ. ‘2018ರ ಮಹಾಮಸ್ತಕಾಭಿಷೇಕ’ ಎಂದು ಬರೆದರೆ 2018 ಎಂಬ ಅಂಕಿಯೊಂದೇ ವಿಳಾಸದಲ್ಲಿ ಉಳಿಯುತ್ತದೆ. ಬೆಳಗೊಳವೂ ಇಲ್ಲ, ಗೊಮ್ಮಟನೂ ಇಲ್ಲ. ವಿಳಾಸವನ್ನು ನಾವೇ ಬರೆದುಕೊಳ್ಳುವ ಅನುಕೂಲ ಆಮೇಲೆ ಬಂತು, ಆದರೆ ಆ ಪೆಟ್ಟಿಗೆಯೂ ಕನ್ನಡ ಅಕ್ಷರವನ್ನು ಸೇರಿಸಿಕೊಳ್ಳುವುದಿಲ್ಲ. ಪ್ರಕಟಿಸುವ ಮುನ್ನವೇ ರೋಮನ್‌ನಲ್ಲಿ ತುಂಬಬೇಕು. ಹಾಗೆ ತುಂಬಿದವರು ಎಷ್ಟು ಕಡಿಮೆ ಎನ್ನುವುದು ಯಾವ ಹಳೆಯ ಕನ್ನಡ ಬ್ಲಾಗ್ ತೆರೆದರೂ ಕಾಣುತ್ತದೆ.

ಇನ್ನೊಂದು ಬ್ಲಾಗ್ ತಾಣವಾದ ವರ್ಡ್‌ಪ್ರೆಸ್ ಕನ್ನಡವನ್ನು ಕಿತ್ತೆಸೆಯುವುದಿಲ್ಲ, ಸಂಕೇತಕ್ಕೆ ಇಳಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್‌ಗೂ ಶೇಕಡಾ ಗುರುತು ಮತ್ತು ಎರಡು ಅಕ್ಷರ. ಅಲ್ಲಿಗೆ ಒಂದು ಚಿಹ್ನೆಗೆ ಒಂಬತ್ತು ಸ್ಥಾನ. ಕೊಂಬು, ದೀರ್ಘ, ಒತ್ತಕ್ಷರದ ನಡುವಿನ ಅರ್ಧಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಸನಕ್ಕೆ 36 ಸ್ಥಾನ ಬೇಕು, ಅರಕಲಗೂಡಿಗೆ 72, ಹೊಳೆನರಸೀಪುರಕ್ಕೆ 99, ಚನ್ನರಾಯಪಟ್ಟಣಕ್ಕೆ 108. ಈ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200. ‘ಹೊಳೆನರಸೀಪುರ ಚನ್ನರಾಯಪಟ್ಟಣ ರಸ್ತೆ’ ಎಂದು ಶೀರ್ಷಿಕೆ ಕೊಟ್ಟರೆ ಎರಡು ಊರು ಮತ್ತು ನಡುವಿನ ಅಡ್ಡಗೆರೆ ಸೇರಿ 208 ಆಗುತ್ತದೆ. ವಿಳಾಸ ‘ಚನ್ನರಾಯಪಟ್ಟ’ದಲ್ಲಿ ನಿಲ್ಲುತ್ತದೆ. ಕೊನೆಯ ‘ಣ’ಕ್ಕೆ ಜಾಗವಿಲ್ಲ, ರಸ್ತೆಯಂತೂ ಇಲ್ಲವೇ ಇಲ್ಲ. ಅದೇ ಎರಡು ಊರು ರೋಮನ್ ಲಿಪಿಯಲ್ಲಿ 30 ಸ್ಥಾನಗಳಲ್ಲಿ ಮುಗಿಯುತ್ತವೆ. ಮೇಲಾಗಿ ಈ ವಿಳಾಸವನ್ನು ನಕಲು ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಶೇಕಡಾ ಗುರುತುಗಳ ನಾಲ್ಕೈದು ಸಾಲು ಕಂಡು, ಮೋಸದ ಲಿಂಕ್ ಇರಬೇಕೆಂದು ಹೆದರಿ ಜನ ಒತ್ತುವುದೇ ಇಲ್ಲ.

ಇದು ಸಣ್ಣ ದೋಷವಲ್ಲ. ಆದರೂ ಬಾಲ ತುಂಡಾದ ಚನ್ನರಾಯಪಟ್ಟ ಚನ್ನರಾಯಪಟ್ಟಣವೇ, ಓದಿದವರಿಗೆ ಗೊತ್ತಾಗುತ್ತದೆ. ‘ಬ್ಲಾಗ್-ಪೋಸ್ಟ್’ ಯಾವ ಊರೂ ಅಲ್ಲ. ವ್ಯತ್ಯಾಸ ತಿಳಿಯುವುದು ತಾಣ ಅಳಿದ ಮೇಲೆ. ಅಳಿದ ಪುಟಗಳನ್ನು ಹುಡುಕಲು ನಮಗಿರುವ ಮುಖ್ಯ ಆಸರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಒಂದು ಬ್ಲಾಗಿನ ಎಷ್ಟು ಪುಟ ಉಳಿದಿವೆ ಎಂದು ಕೇಳಿದರೆ ಅದು ಕೊಡುವುದು ವಿಳಾಸಗಳ ಪಟ್ಟಿಯನ್ನು. ಆ ಪಟ್ಟಿಯೇ ಆಗ ಪರಿವಿಡಿ. ವರ್ಡ್‌ಪ್ರೆಸ್‌ನ ಸಂಕೇತವನ್ನು ಯಾವ ಕಂಪ್ಯೂಟರ್ ಆದರೂ ಮತ್ತೆ ಕನ್ನಡಕ್ಕೆ ತಿರುಗಿಸಿ, ಮೀನಿನ ಬರಹ ಯಾವುದು, ಚರ್ಚಿನದು ಯಾವುದು ಎಂದು ತೋರಿಸಬಲ್ಲದು. ಬ್ಲಾಗ್‌ಸ್ಪಾಟ್‌ನ ಪಟ್ಟಿಯಲ್ಲಿ ‘ಬ್ಲಾಗ್-ಪೋಸ್ಟ್’ ಎಂಬ ಒಂದೇ ಹೆಸರು ಸಾಲುಗಟ್ಟಿರುತ್ತದೆ.

‘ಎಲ್ಲಿಗೂ ಹೋಗುವುದಿಲ್ಲ’ ಎಂಬ ಮಾತಿಗೂ ಉತ್ತರವಿದೆ. 2012ರಲ್ಲಿ ಗೂಗಲ್ ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್ ಡಾಟ್ ಕಾಮ್‌ನಿಂದ ಡಾಟ್ ಇನ್‌ಗೆ ತಾನಾಗಿಯೇ ತಿರುಗಿಸತೊಡಗಿತು. ನಾವು ನಕಲು ಮಾಡಿದ್ದು, ಹಂಚಿದ್ದು, ಲೇಖನಗಳ ಅಡಿಟಿಪ್ಪಣಿಗೆ ಸೇರಿಸಿದ್ದು ಎಲ್ಲ ಆ ಡಾಟ್ ಇನ್ ವಿಳಾಸಗಳನ್ನೇ. 2020ರಲ್ಲಿ ಆ ಡೊಮೇನ್ ಗೂಗಲ್‌ನ ಕೈತಪ್ಪಿ ಬೇರೆಯವರ ಪಾಲಾಯಿತು. ಬ್ಲಾಗುಗಳು ಡಾಟ್ ಕಾಮ್‌ನಲ್ಲಿ ಹಾಗೇ ಇದ್ದವು, ಅಲ್ಲಿಗೆ ಹೋಗುವ ದಾರಿಗಳು ಕಡಿದುಹೋದವು.

ನಮ್ಮ ಜಿಲ್ಲೆಯಲ್ಲಿ ವಿಳಾಸ ಕೊಟ್ಟು ಕಾಪಾಡುವ ಕೆಲಸ ಹೇಗೆ ನಡೆಯಬೇಕೋ ಹಾಗೆ ನಡೆದ ಉದಾಹರಣೆಯೊಂದಿದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯ ಶಾಸನಗಳಿಗೆ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆ ಸೇರಿಸಿ ವಿಳಾಸ ಕೊಟ್ಟಿತು. ಹೊಳೆನರಸೀಪುರ ಇಷ್ಟನೆಯದು, ಅರಕಲಗೂಡು ಇಷ್ಟನೆಯದು ಎಂದು ವಿದ್ವಾಂಸರು ಇಂದಿಗೂ ಉಲ್ಲೇಖಿಸುತ್ತಾರೆ. ಮುಂದೆ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಸಂಪಾದಕರು ಹೊಸ ಸಂಖ್ಯೆಯ ಪಕ್ಕದಲ್ಲೇ ರೈಸ್‌ನ ಹಳೆಯ ಸಂಖ್ಯೆಯನ್ನೂ ಉಳಿಸಿದರು. ನೂರು ವರ್ಷದ ಹಿಂದಿನ ಅಡಿಟಿಪ್ಪಣಿ ಹಿಡಿದು ಹೊರಟರೂ ಕಲ್ಲು ಸಿಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಪ್ರಕಟಿತ ಬರಹದ ವಿಳಾಸ ತಿದ್ದಿದರೆ ಅದೂ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ನಾನು ಅದರ ಪಕ್ಷ ವಹಿಸಲು ಈ ಒಂದು ಗುಣವೇ ಸಾಕು.

ಇಲ್ಲಿ ಕೆಲವು ವಿಮರ್ಶಕ ಮಿತ್ರರ ಜೊತೆ ಜಗಳ ಆಡಲೇಬೇಕು. ‘ಎಲ್ಲಿ ಬರೆದರೇನು, ಬರಹ ಗಟ್ಟಿಯಿದ್ದರೆ ಉಳಿಯುತ್ತದೆ’ ಎಂದು ಅವರು ಸಭೆಗಳಲ್ಲಿ ಹೇಳುತ್ತಾ ಬಂದಿದ್ದಾರೆ. ಕೇಳಲು ಗಂಭೀರವಾಗಿರುವ ಈ ಮಾತು ಹಿಂದುಮುಂದಾಗಿದೆ. ಉಳಿದದ್ದನ್ನು ನೋಡಿ ಗಟ್ಟಿ ಎನ್ನುತ್ತೇವೆ, ಅಳಿದದ್ದನ್ನು ನೋಡುವುದು ಹೇಗೆ? ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಉಳಿದದ್ದರಲ್ಲಿ ಗೊರೂರರ ಪ್ರತಿಭೆಯಷ್ಟೇ ಪ್ರಕಾಶಕರು, ಗ್ರಂಥಾಲಯ, ಮರುಮುದ್ರಣಗಳ ಕೆಲಸವೂ ಇದೆ. ಹೇಮಾವತಿ ದಡದ ಊರುಗಳ ಬಗ್ಗೆ ಇಂದು ಅಷ್ಟೇ ಪ್ರೀತಿಯಿಂದ ಬರೆಯುವ ನಿವೃತ್ತ ಮೇಷ್ಟ್ರಿಗೆ ಆ ಮೂರೂ ಇಲ್ಲ, ಒಂದು ವಿಳಾಸ ಮಾತ್ರ ಇದೆ. ಅದೂ ಮುಖ್ಯವಲ್ಲ ಎಂದು ಅವರಿಗೆ ಹೇಳುವವರ ಸ್ವಂತ ಲೇಖನಗಳೆಲ್ಲ ಪುಸ್ತಕಗಳಾಗಿ ಕಪಾಟಿನಲ್ಲಿ ಭದ್ರವಾಗಿರುತ್ತವೆ. ಈ ಅಸಮಾನತೆ ನನ್ನನ್ನು ನೋಯಿಸುತ್ತದೆ. ಆಲೂಗಡ್ಡೆ ಬೆಲೆ ಬಿದ್ದ ವರ್ಷದ ಮಾತು, ಮುಳುಗಿದ ಊರಿನ ಜಾತ್ರೆಯ ಮಾತು, ಹೊಲದ ಬದುವಿನ ವೀರಗಲ್ಲಿನ ಮಾತು ಪುಸ್ತಕವಾಗುವುದು ಅಪರೂಪ. ಅವು ಇರುವುದೇ ಇಂಥ ಬ್ಲಾಗುಗಳಲ್ಲಿ.

‘ಈಗ ಫೇಸ್‌ಬುಕ್ ಇದೆಯಲ್ಲ’ ಎನ್ನುವವರು ತಾವೇ 2013ರಲ್ಲಿ ಬರೆದ ಒಂದು ಪೋಸ್ಟನ್ನು ಈಗ ಹುಡುಕಿ ತೆಗೆಯಲಿ. ಅಲ್ಲಿ ಓದುಗರು ಹೆಚ್ಚೆಂಬುದನ್ನು ಒಪ್ಪುತ್ತೇನೆ. ಒಂದು ವಾರದ ಓದುಗರು ಅವರು.

ಬ್ಲಾಗ್‌ಸ್ಪಾಟ್‌ಗೆ ಸಲ್ಲಬೇಕಾದ್ದೂ ಸಲ್ಲಲಿ. ಸ್ವಂತ ಡೊಮೇನನ್ನು ಅದು ಬಿಟ್ಟಿಯಾಗಿ ಜೋಡಿಸಿಕೊಳ್ಳುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಅದಕ್ಕೆ ದುಡ್ಡು ಕೇಳುತ್ತದೆ, ಬಿಟ್ಟಿ ಬ್ಲಾಗಿನಲ್ಲಿ ಜಾಹೀರಾತನ್ನೂ ಹಾಕುತ್ತದೆ. ಬರೆದವರು ತೀರಿಕೊಂಡ ಮೇಲೆ ಬಾಡಿಗೆ ಕಟ್ಟುವವರಿಲ್ಲದೆ ಹೋದರೂ ಬ್ಲಾಗ್‌ಸ್ಪಾಟ್ ನಿಲ್ಲುತ್ತದೆ ಎಂಬುದು ಅದರ ಪರವಾದ ದೊಡ್ಡ ವಾದ. ಆದರೆ 2023ರ ಡಿಸೆಂಬರ್‌ನಿಂದ, ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂಬ ನೀತಿ ಗೂಗಲ್‌ನಲ್ಲಿ ಜಾರಿಗೆ ಬಂದಿದೆ. ಆ ವಾದ ಮೊದಲಿನಷ್ಟು ಭದ್ರವಾಗಿ ಈಗ ನಿಲ್ಲುವುದಿಲ್ಲ.

ಹೊಸದಾಗಿ ಬರೆಯುವವರು ವರ್ಡ್‌ಪ್ರೆಸ್‌ಗೆ ಹೋಗಲಿ, ಕೈಲಾದರೆ ಸ್ವಂತ ಡೊಮೇನ್ ಕೊಳ್ಳಲಿ, ಪ್ರತಿ ಬರಹಕ್ಕೂ ಎರಡು ಮೂರು ಪದದ ವಿಳಾಸವನ್ನು ತಾವೇ ಬರೆಯಲಿ. ಊರಿನ ಹೆಸರು ಅದರಲ್ಲಿ ಪೂರ್ತಿ ಇರಲಿ. ಈಗಾಗಲೇ ಬ್ಲಾಗ್‌ಸ್ಪಾಟ್‌ನಲ್ಲಿರುವವರು ಗಾಬರಿಯಿಂದ ಅಳಿಸಿ ಓಡುವುದು ಬೇಡ. ಇರುವ ವಿಳಾಸ ಹಾಗೇ ಉಳಿಯಲಿ, ಬ್ಯಾಕಪ್ ಕಡತವನ್ನು ವರ್ಷಕ್ಕೊಮ್ಮೆ ಇಳಿಸಿಕೊಂಡು ಮನೆಯ ಇನ್ನೊಬ್ಬರ ಕೈಗೂ ಕೊಡಲಿ. ಜಿಲ್ಲೆಯ ಸಾಹಿತ್ಯ ಪರಿಷತ್ತು ಸಮ್ಮೇಳನಕ್ಕೆ ಮಾಡುವ ವೆಚ್ಚದಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟು, ಎಂಟೂ ತಾಲ್ಲೂಕಿನ ಬ್ಲಾಗುಗಳ ಇಂಥ ಕಡತಗಳನ್ನು ಸಂಗ್ರಹಿಸಿ, ಯಾವ ಬರಹ ಯಾವ ವಿಳಾಸದಲ್ಲಿತ್ತು ಎಂಬ ಪಟ್ಟಿಯನ್ನು ಈ ವರ್ಷವೇ ಅಚ್ಚು ಹಾಕಿಸಲಿ.