ಸೇವಕ ನಾಯಕತ್ವವೂ ಯೂದನ ಪಾದಗಳೂ

"ಸೇವಕ ನಾಯಕತ್ವ" ಎಂಬ ಮಾತನ್ನು ನಮ್ಮ ಪ್ರಸಂಗಪೀಠಗಳು ಸುವಾರ್ತೆಯದೇ ಎಂಬಂತೆ ಬಳಸುತ್ತಿವೆ. ಅದನ್ನು ರೂಢಿಗೆ ತಂದವನು ರಾಬರ್ಟ್ ಗ್ರೀನ್‌ಲೀಫ್. 1970ರ ತನ್ನ ಪ್ರಬಂಧಕ್ಕೆ ಹರ್ಮನ್ ಹೆಸ್ಸೆಯ ಕಾದಂಬರಿಯೊಂದು ಪ್ರೇರಣೆಯೆಂದು ಆತನೇ ಹೇಳಿದ್ದಾನೆ. ಸೇವೆ ಪಡೆದವರು ಬೆಳೆದರೇ ಎಂಬುದು ಆತನ ಮುಖ್ಯ ಪರೀಕ್ಷೆ. ಅಧಿಕಾರದ ದರ್ಪವನ್ನು ತಗ್ಗಿಸುವ ಈ ಪ್ರಶ್ನೆಯನ್ನು ನಾವು ಗೌರವಿಸುತ್ತೇವೆ. ಆದರೆ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯಕ್ಕೆ ಅದನ್ನು ಅಳತೆಗೋಲಾಗಿ ಹಿಡಿಯಲಾರೆವು.

ಅಲ್ಲಿ ಕರ್ತನು ತನ್ನನ್ನು ಹಿಡಿದುಕೊಡುವವನು ಯಾರೆಂದು ಅರಿತಿದ್ದೇ ಕೈಪಾವಡವನ್ನು ನಡುವಿಗೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ, ಶಿಷ್ಯರ ಪಾದಗಳನ್ನು ತೊಳೆದನು. ಯೂದನ ಪಾದಗಳೂ ಅವುಗಳಲ್ಲಿದ್ದವು. ಯೂದನು ಬೆಳೆಯಲಿಲ್ಲ; ರೊಟ್ಟಿಯ ತುಂಡನ್ನು ತೆಗೆದುಕೊಂಡು ರಾತ್ರಿಯಲ್ಲಿ ಹೊರಟುಹೋದನು. ಫಲದಿಂದಲೇ ಅಳೆಯುವುದಾದರೆ ಆ ಸೇವೆ ಸೋತಿತೆನ್ನಬೇಕಾದೀತು. ಸುವಾರ್ತಿಕನಾದರೋ ಅದರಲ್ಲಿ ಕಡೆಯವರೆಗೂ ಕುಂದದ ಪ್ರೀತಿಯನ್ನು ಕಾಣುತ್ತಾನೆ.

ಬೆಳೆಯದ ಸಭೆಯಲ್ಲಿ ವರ್ಷಗಟ್ಟಲೆ ದುಡಿಯುವ ಸಭಾಪಾಲಕನಿಗೆ ಈ ಭೇದ ಅಲ್ಪವಾದುದಲ್ಲ. ಸೇವೆಯನ್ನು ನಾಯಕತ್ವದ ಕೌಶಲವೆಂದು ಮಾತ್ರ ಕಲಿಸಿದರೆ ಅವನ ಪಾಲಿಗೆ ಸೋಲಷ್ಟೇ ಉಳಿಯುತ್ತದೆ. ಪಾದ ತೊಳೆದ ಕರ್ತನನ್ನು ಹಿಂಬಾಲಿಸುವುದೇ ಸೇವೆಯೆಂದು ಕಲಿಸಿದರೆ ಅವನು ಬೋಗುಣಿಯನ್ನು ಕೈಬಿಡನು.