ಗುಣಾಂಕ ಒಂದು, ಪರಿಣಾಮ ಹಲವು

ಥಾಮಸ್ ಬ್ರಾಂಬರ್, ವಿಲಿಯಂ ರಾಬರ್ಟ್ಸ್ ಕ್ಲಾರ್ಕ್ ಮತ್ತು ಮ್ಯಾಟ್ ಗೋಲ್ಡರ್ 2006ರಲ್ಲಿ ‘ಪೊಲಿಟಿಕಲ್ ಅನಾಲಿಸಿಸ್’ ಪತ್ರಿಕೆಗೆ ಬರೆದ ಲೇಖನ ಅಂಕಿಅಂಶ ಓದುವವರ ಕಣ್ಣು ತೆರೆಸಿತು. ಅಂತರಕ್ರಿಯೆಯ ಪದವಿರುವ ರಿಗ್ರೆಷನ್ ಮಾದರಿಯನ್ನು ಅರ್ಥೈಸುವುದು ಹೇಗೆಂಬುದೇ ಅದರ ವಸ್ತು. 1998ರಿಂದ 2002ರವರೆಗೆ ರಾಜ್ಯಶಾಸ್ತ್ರದ ಮೂರು ಮುಖ್ಯ ಪತ್ರಿಕೆಗಳಲ್ಲಿ ಬಂದ ಇಂಥ ಬರಹಗಳನ್ನು ಅವರು ಜಾಲಾಡಿದರು. ಇಂಥ ಮಾದರಿಗೆ ಅವರು ಮುಂದಿಟ್ಟ ಎಲ್ಲ ನಿಯಮಗಳನ್ನೂ ಪಾಲಿಸಿದ್ದವು ಶೇ 10ರಷ್ಟು ಮಾತ್ರ.

ಲೇಖನದ ಶಕ್ತಿ ಅದು ಆರಿಸಿಕೊಂಡ ಉದಾಹರಣೆಯಲ್ಲಿದೆ. ಅಧ್ಯಕ್ಷೀಯ ಚುನಾವಣೆಯ ಆಸುಪಾಸಿನಲ್ಲೇ ಶಾಸನಸಭೆಯ ಚುನಾವಣೆಯೂ ನಡೆದರೆ ಪಕ್ಷಗಳ ಸಂಖ್ಯೆ ತಗ್ಗುತ್ತದೆಯೇ? ಅದು ಅಧ್ಯಕ್ಷ ಪದವಿಗೆ ಎಷ್ಟು ಮಂದಿ ಗಟ್ಟಿ ಅಭ್ಯರ್ಥಿಗಳಿದ್ದಾರೆ ಎಂಬುದನ್ನು ಅವಲಂಬಿಸಿದೆ. ಹಾಗಾಗಿ ಮಾದರಿಯಲ್ಲಿ ಸಾಮೀಪ್ಯ, ಅಭ್ಯರ್ಥಿಗಳ ಸಂಖ್ಯೆ, ಇವೆರಡರ ಗುಣಲಬ್ಧ (ಇದೇ ಅಂತರಕ್ರಿಯೆಯ ಪದ) ಮೂರೂ ಇರಬೇಕು. ಸಾಮೀಪ್ಯದ ಪರಿಣಾಮ ತಿಳಿಯಲು ಗುಣಲಬ್ಧದ ಗುಣಾಂಕವನ್ನು ಅಭ್ಯರ್ಥಿಗಳ ಸಂಖ್ಯೆಯಿಂದ ಗುಣಿಸಿ, ಸಾಮೀಪ್ಯದ ಗುಣಾಂಕಕ್ಕೆ ಕೂಡಿಸಬೇಕು. ಅಂದರೆ ಕೋಷ್ಟಕದಲ್ಲಿ ಸಾಮೀಪ್ಯದ ಎದುರು ಕಾಣುವ ಸಂಖ್ಯೆ ಅಭ್ಯರ್ಥಿಗಳು ಸೊನ್ನೆಯಾಗಿದ್ದಾಗಿನ ಪರಿಣಾಮ. ಅಭ್ಯರ್ಥಿಯೇ ಇಲ್ಲದ ಅಧ್ಯಕ್ಷೀಯ ಚುನಾವಣೆ ಎಲ್ಲೂ ನಡೆಯುವುದಿಲ್ಲ. ಆದರೂ ಅಂಥ ಸಂಖ್ಯೆಯನ್ನೇ ‘ಮುಖ್ಯ ಪರಿಣಾಮ’ ಎಂದು ಕರೆದು ತೀರ್ಮಾನ ಬರೆಯುವ ರೂಢಿ ಇಂದಿಗೂ ಉಳಿದಿದೆ.

ಲೇಖನದ ಎರಡನೆಯ ಪಾಠ ಇನ್ನೂ ಸೂಕ್ಷ್ಮ. ಪರಿಣಾಮದಂತೆ ಅದರ ಪ್ರಮಾಣ ದೋಷವೂ ಅಭ್ಯರ್ಥಿಗಳ ಸಂಖ್ಯೆಯೊಡನೆ ಬದಲಾಗುತ್ತದೆ. ಅದರ ಲೆಕ್ಕಕ್ಕೆ ಗುಣಾಂಕಗಳ ನಡುವಿನ ಸಹವ್ಯತ್ಯಯವೂ ಬೇಕು. ಗುಣಲಬ್ಧದ ಗುಣಾಂಕಕ್ಕೆ ನಕ್ಷತ್ರ ಚಿಹ್ನೆ ಇಲ್ಲದಿದ್ದರೂ ಕೆಲವು ಮಟ್ಟಗಳಲ್ಲಿ ಪರಿಣಾಮ ಸ್ಪಷ್ಟವಾಗಿರಬಹುದು. ಕೋಷ್ಟಕವಷ್ಟೇ ಸಾಲದು, ಪರಿಣಾಮವನ್ನು ನಕ್ಷೆಯಲ್ಲಿ ತೋರಿಸಿ ಎಂದು ಲೇಖಕರು ಪಟ್ಟುಹಿಡಿದದ್ದು ಇದಕ್ಕಾಗಿಯೇ. ಅವರ ಉದಾಹರಣೆಯಲ್ಲಿ ಅಭ್ಯರ್ಥಿಗಳು ಕೆಲವೇ ಮಂದಿ ಇದ್ದಾಗ ಮಾತ್ರ ಸಾಮೀಪ್ಯ ಪಕ್ಷಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಒಂಟಿ ಗುಣಾಂಕ ಇದನ್ನು ಎಂದೂ ಹೇಳಲಾರದು.

ಕೊರತೆಯೂ ಇದೆ. ಪರಿಣಾಮ ಸರಳರೇಖೆಯಲ್ಲೇ ಏರಿಳಿಯುತ್ತದೆ ಎಂಬ ಊಹೆಯನ್ನು ಲೇಖನ ಒರೆಗೆ ಹಚ್ಚಲಿಲ್ಲ. ದತ್ತಾಂಶವೇ ಇಲ್ಲದ ಕಡೆಗೂ ಗೆರೆ ಎಳೆಯಲು ನಕ್ಷೆ ದಾರಿ ಮಾಡಿಕೊಟ್ಟಿತು. 2019ರಲ್ಲಿ ಹೈನ್‌ಮ್ಯುಲ್ಲರ್, ಮುಮ್ಮೊಲೊ ಮತ್ತು ಶು 22 ಲೇಖನಗಳ 46 ಅಂತರಕ್ರಿಯೆಗಳನ್ನು ಮರುಪರೀಕ್ಷಿಸಿದಾಗ ಹಲವು ತೀರ್ಮಾನಗಳು ಈ ಎರಡು ದೋಷಗಳಿಂದಲೇ ಅಲುಗಾಡಿದವು. ಲಾಜಿಟ್, ಪ್ರಾಬಿಟ್ ಮಾದರಿಗಳಲ್ಲಂತೂ ಸಂಭವನೀಯತೆಯ ಮೇಲಿನ ಅಂತರಕ್ರಿಯೆಯನ್ನು ಗುಣಲಬ್ಧದ ಗುಣಾಂಕದಿಂದ ನೇರವಾಗಿ ಓದಲಾಗದು. ಅದರ ಚಿಹ್ನೆ ಕೂಡ ತಿರುವುಮುರುವಾಗಬಹುದು ಎಂದು ಐ ಮತ್ತು ನಾರ್ಟನ್ 2003ರಲ್ಲೇ ತೋರಿಸಿದ್ದರು.

ಆದ್ದರಿಂದ 2006ರ ಲೇಖನವನ್ನು ಮೊದಲ ಪಾಠವಾಗಿ ಓದಬೇಕು, ಕೊನೆಯ ಮಾತಾಗಿ ಅಲ್ಲ. ಅಂತರಕ್ರಿಯೆ ಬಳಸುವವರು ಪರಿಣಾಮದ ನಕ್ಷೆಯ ಅಡಿಯಲ್ಲೇ ದತ್ತಾಂಶದ ಹಂಚಿಕೆಯನ್ನೂ ತೋರಿಸಲಿ. ಅದನ್ನು ತೋರಿಸದ ತೀರ್ಮಾನವನ್ನು ಓದುಗರು ಒಪ್ಪಬೇಕಿಲ್ಲ.