ಇಗರ್ಜಿಯ ವಿವಾಹ ಮತ್ತು ಛಾಯಾಚಿತ್ರದ ಪ್ರಾಮಾಣ್ಯ

ಛಾಯಾಚಿತ್ರವು ಇದ್ದುದನ್ನು ಇದ್ದಂತೆ ಹೇಳುತ್ತದೆಂಬ ನಂಬಿಕೆಯು ವಿದ್ವಾಂಸರಲ್ಲಿಯೂ ಬಲವಾಗಿ ಬೇರೂರಿದೆ. ತಾಮ್ರಶಾಸನವೊಂದು ದೊರೆತರೆ ಅದರ ಲಿಪಿ, ತಿಥಿ, ವಂಶಾವಳಿಗಳನ್ನು ಒರೆಗೆ ಹಚ್ಚಿ ಕೂಟಶಾಸನವನ್ನು ಬೇರ್ಪಡಿಸುವ ನಾವು, ಛಾಯಾಚಿತ್ರಕ್ಕೆ ಅದೇ ನ್ಯಾಯವನ್ನು ಅನ್ವಯಿಸುವುದು ವಿರಳ. ಇದು ಸಲ್ಲದೆಂಬುದಕ್ಕೆ ಇಂಗ್ಲೆಂಡಿನ ಇಗರ್ಜಿಗಳಲ್ಲಿ ನಡೆದ ವಿವಾಹಗಳ ಚಿತ್ರಗಳೇ ಸಾಕಷ್ಟು ನಿದರ್ಶನಗಳನ್ನು ಒದಗಿಸುತ್ತವೆ.

ವಿಕ್ಟೋರಿಯಾ ರಾಣಿಯ ವಿವಾಹವು 1840ರ ಫೆಬ್ರವರಿ 10ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ ನೆರವೇರಿತು. ಡಾಗೇರನ ಛಾಯಾಗ್ರಹಣ ವಿಧಾನವು ಬೆಳಕಿಗೆ ಬಂದದ್ದು ಅದರ ಹಿಂದಿನ ವರ್ಷ. ನಿಮಿಷಗಟ್ಟಲೆ ನಿಶ್ಚಲವಾಗಿರಬೇಕೆಂದು ಕೇಳುತ್ತಿದ್ದ ಆ ವಿಧಾನಕ್ಕೆ, ಒಳಾಂಗಣದ ಮಂದ ಬೆಳಕಿನಲ್ಲಿ ಸಾಗುವ ವಿವಾಹವಿಧಿಯು ಎಟುಕುವಂತಿರಲಿಲ್ಲ. ಆ ಸಮಾರಂಭವನ್ನು ಚಿತ್ರಿಸಿದವನು ವರ್ಣಚಿತ್ರಕಾರನಾದ ಜಾರ್ಜ್ ಹೇಟರ್. ಆದರೂ ರಾಣಿ ಮತ್ತು ಆಲ್ಬರ್ಟರ 'ವಿವಾಹದ ಛಾಯಾಚಿತ್ರ'ವೆಂದು ಒಂದು ಪಟವು ಪದೇ ಪದೇ ಅಚ್ಚಾಗುತ್ತ ಬಂದಿದೆ. ಅದನ್ನು ರೋಜರ್ ಫೆಂಟನ್ ತೆಗೆದದ್ದು 1854ರ ಮೇ 11ರಂದು, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ; ಅವರು ತೊಟ್ಟಿರುವುದು ದರ್ಬಾರಿನ ಉಡುಪು. ಇಲ್ಲಿ ಚಿತ್ರವು ಕೂಟವಲ್ಲ. ಅದಕ್ಕೆ ಅಂಟಿಸಿದ ಶೀರ್ಷಿಕೆಯೇ ಕೂಟ.

ಯಂತ್ರದ ಅಡ್ಡಿ ಕಳೆದ ಮೇಲೆ ಅನುಮತಿಯ ಅಡ್ಡಿ ಉಳಿಯಿತು. ರಾಜಮನೆತನದ ವಿವಾಹವೊಂದು ಮೊದಲ ಬಾರಿಗೆ ದೂರದರ್ಶನದಲ್ಲಿ ಪ್ರಸಾರವಾದದ್ದು 1960ರ ಮೇ 6ರಂದು, ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ರಾಜಕುಮಾರಿ ಮಾರ್ಗರೆಟ್ಟಳ ವಿವಾಹವಾದಾಗ. ಸಾಮಾನ್ಯರ ಇಗರ್ಜಿಗಳಲ್ಲಿ ವಿಧಿ ನಡೆಯುವಾಗ ಚಿತ್ರ ತೆಗೆಯಬಹುದೇ ಎಂಬುದನ್ನು ಇಂದಿಗೂ ಪಾದ್ರಿಯೇ ನಿರ್ಣಯಿಸುತ್ತಾನೆ. ಹೀಗಾಗಿ ಎಷ್ಟೋ ಆಲ್ಬಮ್ಮುಗಳಲ್ಲಿ ಪ್ರತಿಜ್ಞೆಯ ಗಳಿಗೆಯೇ ಇಲ್ಲ. ದಾಖಲೆಗೆ ಸಹಿ ಹಾಕುವ ಚಿತ್ರವೂ ಅನೇಕ ವೇಳೆ, ಸಹಿಯಾದ ಮೇಲೆ ಮತ್ತೊಮ್ಮೆ ಲೇಖನಿ ಹಿಡಿಸಿ ತೆಗೆದದ್ದು.

ಹಾಗಾದರೆ ಈ ಪಟಗಳನ್ನು ಆಧಾರಗಳ ಸಾಲಿನಿಂದ ತಳ್ಳಿಹಾಕಬೇಕೆ? ಕೂಡದು. 1837ರಿಂದ 2021ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸುಗಳ ವಿವಾಹ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರು, ಉದ್ಯೋಗಗಳಿಗೆ ಅಂಕಣಗಳಿದ್ದುವು, ತಾಯಂದಿರಿಗೆ ಇರಲಿಲ್ಲ. ಇಗರ್ಜಿಯ ಬಾಗಿಲಲ್ಲಿ ತೆಗೆದ ಕುಟುಂಬದ ಪಟದಲ್ಲಾದರೋ ತಾಯಿಯು ಮಗಳ ಪಕ್ಕದಲ್ಲೋ ಮಗನ ಪಕ್ಕದಲ್ಲೋ ನಿಂತಿರುತ್ತಾಳೆ. ವಿಧಿಗೆ ಸಾಕ್ಷಿಯಾಗದ ಪಟವು, ದಾಖಲೆಯು ಕೈಬಿಟ್ಟವಳಿಗೆ ಸಾಕ್ಷಿಯಾಗುತ್ತದೆ. ಏರ್ಪಡಿಸಿ ನಿಲ್ಲಿಸಿದ ಚಿತ್ರವೆಂಬುದು ಇಲ್ಲಿ ದೋಷವಲ್ಲ. ಯಾರನ್ನು ಎಲ್ಲಿ ನಿಲ್ಲಿಸಿದರೆಂಬುದೇ ಆ ಕುಟುಂಬದ ಚರಿತ್ರೆಯ ಒಂದು ಅಂಶ.

ಆದರೆ ಪಟವು ಉಳಿಸಿಕೊಡುವುದು ಮುಖವನ್ನು ಮಾತ್ರ, ಹೆಸರನ್ನಲ್ಲ. ಹಿಂಬದಿಯಲ್ಲಿ ಬರೆದಿಡದಿದ್ದರೆ ಎರಡು ತಲೆಮಾರುಗಳು ಕಳೆಯುವಷ್ಟರಲ್ಲಿ ಆ ತಾಯಿಯನ್ನು ಗುರುತಿಸುವವರೇ ಇರುವುದಿಲ್ಲ. ಆದುದರಿಂದ ಇಂತಹ ಪಟಗಳನ್ನು ಸಂಗ್ರಹಿಸುವ ವಿದ್ಯಾರ್ಥಿಯು ಮೊದಲು ಕೇಳತಕ್ಕ ಪ್ರಶ್ನೆಗಳು ಮೂರು: ಇದನ್ನು ಎಂದು ತೆಗೆದರು, ಎಲ್ಲಿ ತೆಗೆದರು, ಇದರಲ್ಲಿರುವವರು ಯಾರು. ಉತ್ತರ ಬಲ್ಲ ಹಿರಿಯರು ಇರುವಾಗಲೇ ಅವನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅವಶ್ಯಕ.